ಚರಣ ಮುಗಿಯುವ ತನಕ ಏಳಬಾರದು

ಮೊನ್ನೆ ಸಂಜೆ ಮಂಡಕ್ಕಿ ಅಂಗಡಿಯ ಮುಂದೆ ನಿಂತು ಪೊಟ್ಟಣದೊಳಗಿನ ಶೇಂಗಾಬೀಜಗಳನ್ನು ಒಂದೊಂದಾಗಿ ಆರಿಸಿ ಚರಂಡಿಗೆ ಎಸೆಯುತ್ತಿದ್ದೆ. ಅಂಗಡಿಯಾಕೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಯಾಕ್ರೀ ಅಕ್ಕಾ, ಶೇಂಗಾ ಕಂಡ್ರೆ ಅಷ್ಟು ಸಿಟ್ಟು? ಏನು ಮಾಡಿತ್ರೀ ಅದು ನಿಮಗೆ?"

ಅದು ಏನು ಮಾಡಿತೆಂದು ಹೇಳುತ್ತ ಕೂತರೆ ಅವಳ ಬಾಣಲೆಯ ಎಣ್ಣೆ ಸುಟ್ಟುಹೋಗುತ್ತಿತ್ತು. "ನಮ್ಮ ಮಾವನ ಗಂಟಲಿಗೆ ಸಿಕ್ಕಿತ್ತು" ಎಂದಷ್ಟೇ ಹೇಳಿದೆ. "ಅಯ್ಯ ಶಿವನೇ" ಎಂದು ಆಕೆ ಮಿರ್ಚಿ ಬಿಡಲು ತಿರುಗಿಕೊಂಡಳು. ಅವಳಿಗೆ ಹೇಳದೆ ಉಳಿದದ್ದನ್ನು ನಿಮ್ಮ ಮುಂದೆ ಹೇಳುತ್ತೇನೆ. ತಣ್ಣಗೆ ಹೇಳುವಷ್ಟು ಸಮಾಧಾನ ನನಗಿನ್ನೂ ಬಂದಿಲ್ಲ. ನಡುವೆ ದನಿ ಏರಿದರೆ ಸಹಿಸಿಕೊಳ್ಳಿ.

ವಿರೂಪಾಕ್ಷಪ್ಪ ಮಾವ ನನ್ನ ತಾಯಿಯ ಅಣ್ಣ. ದಾವಣಗೆರೆಯ ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ಬೇಸಿಗೆ ರಜೆಗೆ ನಮ್ಮನ್ನು ಅಲ್ಲಿಗೆ ಬಿಟ್ಟರೆ ಮೊದಲೆರಡು ದಿನ ಸೀನುವುದರಲ್ಲೇ ಹೋಗುತ್ತಿತ್ತು. ಮೂಟೆ ಬಿಚ್ಚಿದಾಗ ಏಳುವ ಘಾಟು ಮೆಟ್ಟಿಲು ಹತ್ತಿ ಬಂದು ಮೂಗು ಹಿಡಿಯುವ ಹೊತ್ತಿಗೆ ಸರಿಯಾಗಿ ಮಾವ ಟೇಪ್‌ರೆಕಾರ್ಡರಿನ ಗುಂಡಿ ಒತ್ತುತ್ತಿದ್ದರು. ಹಾಗಾಗಿ ನನ್ನ ಮಟ್ಟಿಗೆ ಕಾಂಬೋಧಿ ರಾಗಕ್ಕೂ ಸೀನಿಗೂ ಬಿಡಿಸಲಾಗದ ನಂಟು. ಈಗಲೂ ಕಛೇರಿಯಲ್ಲಿ ಯಾರಾದರೂ ಕಾಂಬೋಧಿ ಎತ್ತಿಕೊಂಡರೆ ನನ್ನ ಕೈ ತಾನಾಗಿ ಕರವಸ್ತ್ರ ಹುಡುಕುತ್ತದೆ. ಪಕ್ಕದವರು ನನ್ನನ್ನು ಭಾವುಕಳೆಂದು ತಿಳಿದು ಗೌರವದಿಂದ ಜಾಗ ಬಿಡುತ್ತಾರೆ.

ನಮ್ಮೂರ ಸಂಗತಿ ನಿಮಗೆ ಗೊತ್ತಿರಬಹುದು. ಧಾರವಾಡದವರು ನಮ್ಮನ್ನು ಮೈಸೂರು ಸೀಮೆಯವರೆನ್ನುತ್ತಾರೆ, ಮೈಸೂರಿನವರು ಧಾರವಾಡದ ಕಡೆಯವರೆನ್ನುತ್ತಾರೆ. ಹಿಂದೂಸ್ತಾನಿ ಕೇಳಿದರೆ ಇವರಿಗೆ ಸಿಟ್ಟು, ಕರ್ನಾಟಕ ಸಂಗೀತ ಕೇಳಿದರೆ ಅವರಿಗೆ. ಮಾವ ಎರಡನ್ನೂ ಕೇಳಿದರು, ಆದರೆ ಮನಸ್ಸು ಕೊಟ್ಟದ್ದು ಎಂದೋ ಕಾವೇರಿಯ ದಡದಲ್ಲಿ ಕೂತು ಕೃತಿ ಕಟ್ಟಿದ ಹಿರಿಯರಿಗೆ. ಅಂಗಡಿಗೆ ಬಂದವರು ಕೆಣಕುತ್ತಿದ್ದರು. "ಏನ್ರೀ ಸಾವ್ಕಾರ್ರೇ, ಕೊಳ್ಳಾಗೆ ಲಿಂಗ ಕಟ್ಕಂಡು ತೆಲುಗಿನ ರಾಮನ ಹಾಡು ಕೇಳ್ತೀರಲ್ಲ, ಏನು ತಿಳಿತೈತ್ರೀ ನಿಮಗೆ?" ಮಾವ ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು: "ಗುಂಟೂರು ಮೆಣಸಿನಕಾಯಿ ತಿಂದ್ರೆ ನಿನ್ನ ಬಾಯಿ ತೆಲುಗಿನಾಗೆ ಉರಿತೈತೇನಪ್ಪಾ?"

ನನಗೆ ಕೇಳುವುದನ್ನು ಕಲಿಸಿದವರು ಅವರೇ. ಹಾಡಿದವನಿಗೆ ಚಪ್ಪಾಳೆ ಹೊಡೆಯುವವರು ಬಹಳ, ಕಟ್ಟಿದವನನ್ನು ನೆನೆಯುವವರು ಯಾರು ಎನ್ನುವುದು ಅವರ ದೊಡ್ಡ ಕೊರಗು. ಕೃತಿಯೆಂದರೆ ಮನೆ ಎನ್ನುತ್ತಿದ್ದರು. ಪಲ್ಲವಿ ಹೊಸಿಲು, ಅನುಪಲ್ಲವಿ ನಡುಮನೆ, ಚರಣ ಅಡಿಗೆಮನೆ. "ಅಡಿಗೆಮನೆ ತನಕ ಹೋಗದೇ ಬಂದ್ರೆ ಆ ಮನಿಗೆ ಹೋಗಿದ್ದೆ ಅನ್ನಾಕೆ ಬರ್ತೈತಾ?" ಮೂರು ಚರಣಗಳ ಕೃತಿಯಲ್ಲಿ ಒಂದನ್ನೇ ಹಾಡಿ ಮುಗಿಸುವ ಗಾಯಕರ ಮೇಲೆ ಅವರಿಗೆ ಕಲಬೆರಕೆ ವ್ಯಾಪಾರಿಗಳ ಮೇಲಿದ್ದಷ್ಟೇ ಕೋಪ.

ಇನ್ನು ಒಳ್ಳೆಯ ರೆಕಾರ್ಡಿಂಗ್ ಯಾವುದೆಂದು ತಿಳಿಯಲು ಅವರದೊಂದು ಪರೀಕ್ಷೆಯಿತ್ತು. ತಂಬೂರಿ ಕೇಳಬೇಕು, ಸಾಹಿತ್ಯದ ಅಕ್ಷರ ಒಂದೂ ಉದುರಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಸಾಲುಗಳ ನಡುವೆ ಹಾಡುವವನು ಉಸಿರು ಎಳೆದುಕೊಳ್ಳುವುದು ಕೇಳಬೇಕು. "ಉಸಿರು ಕೇಳಿದ್ರೆ ಮನುಷ್ಯ ಎದುರಿಗೆ ಕೂತಂಗೆ" ಎನ್ನುತ್ತಿದ್ದರು.

ಅಂಥದ್ದು ಸಿಗುವುದು ಎಷ್ಟು ಕಷ್ಟವೆಂದು ಹುಡುಕಿದವರಿಗೇ ಗೊತ್ತು. ಈಗ ಎಲ್ಲವೂ ಫೋನಿನಲ್ಲಿದೆ ಎನ್ನುತ್ತಾರೆ. ಇದೆ, ಯಾವ ಸ್ಥಿತಿಯಲ್ಲಿದೆ? ತೋಡಿಗೆ ಭೈರವಿ ಎಂದು ಹೆಸರು, ಯಾರೋ ವೇಗ ಹೆಚ್ಚಿಸಿ ಎಂಬತ್ತರ ಮುದುಕರ ದನಿಯನ್ನು ಎಂಟರ ಬಾಲಕನದಾಗಿ ಮಾಡಿರುತ್ತಾರೆ. ಮಿಣಮಿಣ ದೀಪ ಹಾಕಿದ ದೇವರ ಚಿತ್ರ, ತಂಬೂರಿಯ ಜಾಗದಲ್ಲಿ ಫ್ಯಾನಿನ ಸದ್ದು. ಗಾಯಕ ಕಷ್ಟಪಟ್ಟು ತಾರಸ್ಥಾಯಿಯ ಮೆಟ್ಟಿಲು ಹತ್ತಿ ನಿಂತ ಗಳಿಗೆಯಲ್ಲಿ ಒಬ್ಬಳು ಬಂದು ಮನೆ ಸೋರುತ್ತಿದೆಯೇ ಎಂದು ಕೇಳಿ ಸಿಮೆಂಟು ಮಾರುತ್ತಾಳೆ. ಅದನ್ನೆಲ್ಲ ದಾಟಿ ಚರಣದ ಬಾಗಿಲಿಗೆ ಬಂದರೆ ಹಾಡು ಅಲ್ಲಿಗೇ ಮುಗಿದಿರುತ್ತದೆ. ಕೆಳಗೆ ನೂರಾರು ಮಂದಿ ಅದು ಯಾರ ದನಿಯೆಂದು ಒಬ್ಬರ ತಾಯಿಯನ್ನೊಬ್ಬರು ಬೈದುಕೊಂಡಿರುತ್ತಾರೆ.

ನಿಜವಾದ ಸರಕು ಇರುವುದು ಟ್ರಂಕುಗಳಲ್ಲಿ. ಆ ಟ್ರಂಕುಗಳ ಮೇಲೆ ಕೂತಿರುವವರು ಶೇಷಗಿರಿ ಮೇಷ್ಟ್ರಂಥವರು.

ಮೇಷ್ಟ್ರು ಹರಿಹರದವರು, ಹೈಸ್ಕೂಲಿನಿಂದ ನಿವೃತ್ತರು. ಅವರ ಕ್ಯಾಸೆಟ್ಟುಗಳು ಬೇವಿನೆಲೆಯ ನಡುವೆ ಮದುವೆ ಸೀರೆಗಳಂತೆ ಮಲಗಿರುತ್ತವೆ. ಕೇಳಿಸುತ್ತಾರೆ, ಕೊಡುವುದಿಲ್ಲ. ಕಾಪಿ ಮಾಡಿಕೊಳ್ಳುತ್ತೇನೆಂದರೆ ಹೆಣ್ಣು ಕೇಳಲು ಬಂದ ಅಯೋಗ್ಯ ವರನನ್ನು ನೋಡುವಂತೆ ನೋಡುತ್ತಾರೆ. "ಎಲ್ಲರ ಹತ್ರ ಇದ್ರೆ ಅದಕ್ಕೇನು ಮರ್ಯಾದೆ?" ಎನ್ನುತ್ತಾರೆ.

ಭಾನುವಾರ ಸಂಜೆ ಮಾವನ ಮಹಡಿಯಲ್ಲಿ ನಡೆಯುವ ಕೂಟಕ್ಕೆ ಅವರೇ ಯಜಮಾನರು. ಇನ್ನೊಬ್ಬರು ಮಲೆಬೆನ್ನೂರಿನ ಅಕ್ಕಿ ಗಿರಣಿಯ ಕೊಟ್ರಯ್ಯ, ಮಾವನ ಬಾಲ್ಯದ ಗೆಳೆಯ. ಹಾಡಿಗಿಂತ ಅರ್ಧ ಮಾತ್ರೆ ಮುಂಚೆ "ಭಲೆ" ಎನ್ನುವುದು ಅವರ ವಿಶೇಷ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನಾನು ನಾಲ್ಕನೆಯವಳು. ಮೊದಲು ಮಂಡಕ್ಕಿ, ಮಿರ್ಚಿ, ಚಹಾ. ಆಮೇಲೆ ಹಾಡು. ಹಾಡು ಶುರುವಾದರೆ ಮೇಷ್ಟ್ರ ಕಾನೂನು: ದೀಪ ಆರಿಸಬೇಕು, ಮೂಲೆಯಲ್ಲೊಂದು ಸಣ್ಣ ಕೆಂಪು ಬಲ್ಬು ಮಾತ್ರ. ಕಣ್ಣು ಮುಚ್ಚಬೇಕು. ಮಾತಿಲ್ಲ. ಚರಣ ಮುಗಿಯುವ ತನಕ ಯಾರೂ ಏಳಬಾರದು. ಒಮ್ಮೆ ಅನುಪಲ್ಲವಿಯ ನಡುವೆ ಕರೆಂಟು ಹೋದಾಗ ನಾವು ನಾಲ್ವರೂ ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡೇ ಅದು ಬರುವ ತನಕ ಕೂತಿದ್ದೆವು. ಆಗ ಅದು ನನಗೆ ಘನವಾದ ಸಂಗತಿಯಾಗಿ ಕಂಡಿತ್ತು. ಕತ್ತಲಲ್ಲಿ ಕಣ್ಣು ಮುಚ್ಚುವ ಅಗತ್ಯವಾದರೂ ಏನೆಂದು ಕೇಳುವಷ್ಟು ವಿಜ್ಞಾನ ಹೊಳೆಯಲಿಲ್ಲ.

ಆ ಭಾನುವಾರ ಮೇಷ್ಟ್ರು ಬಂದದ್ದೇ ಓಡುತ್ತ. ಯಾರೋ ನೆಂಟರ ಅಟ್ಟದ ಮೇಲೆ ಒಂದು ಕ್ಯಾಸೆಟ್ ಸಿಕ್ಕಿತ್ತು. ಬಹಳ ಹಿಂದೆ ಹರಿಹರದ ಒಂದು ಮದುವೆ ಮನೆಯಲ್ಲಿ, ಈಗ ಇಲ್ಲದ ಹಿರಿಯ ವಿದ್ವಾಂಸರೊಬ್ಬರು ಹಾಡಿದ್ದು. ತೋಡಿಯ ದೊಡ್ಡ ಕೃತಿ, ಮೂರೂ ಚರಣ. ಆ ಮೂರನ್ನೂ ಒಟ್ಟಿಗೆ ಕೇಳಬೇಕೆಂದು ಮಾವ ನನ್ನ ಬಾಲ್ಯದಿಂದ ಹಂಬಲಿಸಿದ್ದರು. ಮೇಷ್ಟ್ರಿಗೆ ಚಹಾ ಆರುವ ತನಕ ತಾಳ್ಮೆ ಇರಲಿಲ್ಲ. "ತಿಂಡಿ ಆಮೇಲೆ, ತಿಂಡಿ ಆಮೇಲೆ" ಎಂದು ದೀಪ ಆರಿಸಿಯೇಬಿಟ್ಟರು. ಮಾವ ಅವಸರಕ್ಕೆ ಒಂದು ಮುಷ್ಟಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ಮೊದಲು ಟೇಪಿನ ಸರಸರ. ಯಾರದೋ ಮಗುವಿನ ಕೆಮ್ಮು, ಪಾತ್ರೆ ಬಿದ್ದ ಸದ್ದು. ಆಮೇಲೆ ತಂಬೂರಿ. ಆಮೇಲೆ, ಸಾಲಿನ ಮುಂಚೆ, ಆ ಹಿರಿಯರು ಉಸಿರೆಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿತು. ಪರೀಕ್ಷೆಯಲ್ಲಿ ಪಾಸು.

ನಾನು ಕದ್ದು ಕಣ್ಣು ತೆರೆಯುವವಳು. ಕೇಳುವವರ ಮುಖ ನೋಡುವುದು ನನಗೆ ಹಾಡಿನಷ್ಟೇ ಇಷ್ಟ. ಅನುಪಲ್ಲವಿಗೆ ಬಂದಾಗ ತೆರೆದೆ. ಮಾವನ ಬಲಗೈ ಮೇಲೆದ್ದಿತ್ತು. ತಲೆ ಆ ಕಡೆ ಈ ಕಡೆ ಅಲ್ಲಾಡುತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಾಯಿ ತೆರೆದಿತ್ತು, ಈಗ 'ಆಹಾ' ಬರುತ್ತದೆ ಎನ್ನುವಂತೆ. ತೋಡಿ ಕೇಳುವಾಗ ಮಾವ ಯಾವಾಗಲೂ ಹೀಗೆಯೇ. ಕೊಟ್ರಯ್ಯನವರೂ ಒಂದು ಕಣ್ಣು ತೆರೆದರು, ಮಾವನನ್ನು ನೋಡಿದರು, ಮೆಚ್ಚಿ "ಭಲೆ, ಭಲೆ!" ಎಂದು ಮತ್ತೆ ಮುಚ್ಚಿಕೊಂಡರು.

ಮಾವ ತೊಡೆ ತಟ್ಟತೊಡಗಿದರು. ತಾಳ ತಪ್ಪಿತ್ತು.

ಮೂಟೆ ಎಣಿಸುವಾಗಲೂ ಮಾವನ ಬೆರಳು ಆದಿತಾಳದಲ್ಲಿರುತ್ತದೆ. ಅವರು ತಪ್ಪುವವರಲ್ಲ. ನಾನು ನೋಡುತ್ತಲೇ ಇದ್ದೆ, ತಟ್ಟುವುದು ಜೋರಾಯಿತು, ಹಾಡಿಗೆ ಸಂಬಂಧವೇ ಇಲ್ಲದಂತಾಯಿತು. ಎತ್ತಿದ ಕೈ ಗಂಟಲಿಗೆ ಬಂತು. ಆ ಕೆಂಪು ದೀಪದಲ್ಲಿ ಮುಖದ ಬಣ್ಣ ಯಾರಿಗೆ ಕಾಣಬೇಕು! ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅದರಲ್ಲಿ ತೋಡಿ ಇರಲಿಲ್ಲ.

ಎದ್ದೆ.

"ಶ್!" ಎಂದರು ಮೇಷ್ಟ್ರು. "ಕೂಡ್ರಮ್ಮಾ! ಚರಣ ಬರ್ತೈತೆ!"

"ಮಾವನಿಗೆ ಉಸಿರು ಆಡ್ತಿಲ್ಲ!"

"ಶ್!"

ಕೊಟ್ರಯ್ಯ ಕಣ್ಣು ಬಿಡದೆಯೇ ನನ್ನ ಸೆರಗು ಹಿಡಿದು ಕೆಳಕ್ಕೆ ಎಳೆದರು. ಕೇಳಿ, ಕಣ್ಣು ಬಿಡದೆಯೇ. ಕಿತ್ತುಕೊಂಡು ಹೋಗಿ ಮಾವನನ್ನು ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ನಡುವೆ ಅಂಗೈಯಿಂದ ಗುದ್ದಿದೆ. ಕಾಲೇಜಿನ ದಿನಗಳಲ್ಲಿ ಶಿಬಿರವೊಂದರಲ್ಲಿ ಇದನ್ನು ಹೇಳಿಕೊಟ್ಟಿದ್ದರು, ನಾವು ಒಬ್ಬರ ಬೆನ್ನಿಗೊಬ್ಬರು ಗುದ್ದಿ ನಕ್ಕಿದ್ದೆವು. ಈಗ ಗುದ್ದಿದ ಸದ್ದಿಗೆ ಕೊಟ್ರಯ್ಯ ಕಣ್ಣು ಬಿಟ್ಟರು.

"ಏ ಏ ಏ! ಹಿರೇರಿಗೆ ಹೊಡಿತಾಳಲ್ಲಪ್ಪಾ ಈಕಿ! ಮೈಮ್ಯಾಲೆ ಏನರ ಬಂದೈತೇನು?"

ಗುದ್ದಿದ್ದು ಸಾಲಲಿಲ್ಲ. ಹಿಂದಿನಿಂದ ತಬ್ಬಿ ಎತ್ತಿ, ಹೊಟ್ಟೆಯ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಎಳೆದೆ. ಮೆಣಸಿನಕಾಯಿ ಮೂಟೆಯಷ್ಟು ಭಾರದ ಮನುಷ್ಯ. ನನ್ನ ಕಾಲು ತಂತಿಗೆ ಸಿಕ್ಕಿ ಟೇಪ್‌ರೆಕಾರ್ಡರ್ ಮೇಜಿನಿಂದ ಧಡ್ಡೆಂದು ಬಿತ್ತು, ಹಾಡು ನಿಂತಿತು. ಇನ್ನೊಮ್ಮೆ ಎಳೆದೆ. ಒಂದು ಇಡೀ ಶೇಂಗಾಬೀಜ ಹಾರಿ ಜಮಖಾನೆಯ ಮೇಲೆ ಬಿತ್ತು. ಮಾವ ಗಾಳಿ ಎಳೆದುಕೊಂಡ ಸದ್ದು ಆ ಮಹಡಿಯನ್ನೆಲ್ಲ ತುಂಬಿತು.

ಸತ್ತು ಎಷ್ಟೋ ವರ್ಷವಾದ ಗಾಯಕನ ಉಸಿರು ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿತ್ತು. ಮೊಣಕೈ ದೂರದಲ್ಲಿ ಕೂತ ಗೆಳೆಯನ ಉಸಿರು ನಿಂತದ್ದು ಕೇಳಲಿಲ್ಲ. ಇವರು ರಸಿಕರಂತೆ! ಸೂಕ್ಷ್ಮಗ್ರಾಹಿಗಳಂತೆ! ಗಾಂಧಾರ ಕೂದಲೆಳೆಯಷ್ಟು ಜಾರಿದರೆ ಹುಬ್ಬು ಗಂಟಿಕ್ಕುವವರು!

ಮಾವ ಗೋಡೆಗೊರಗಿ ಕೂತು, ದನಿ ಬಂದೊಡನೆ ಆಡಿದ ಮೊದಲ ಮಾತು: "ಟೇಪ್... ಟೇಪ್ ಏನಾತು?"

ದೀಪ ಹಾಕಿ ನೋಡಿದರೆ ಮೇಷ್ಟ್ರು ನೆಲದ ಮೇಲೆ ಮೊಣಕಾಲೂರಿ ಕ್ಯಾಸೆಟ್ಟಿನಿಂದ ಹೊರಬಿದ್ದ ಕಂದು ರಿಬ್ಬನ್ನನ್ನು ಎರಡು ಕೈಯಲ್ಲೂ ಎತ್ತಿಕೊಳ್ಳುತ್ತಿದ್ದರು. ಒಂದು ಕಡೆ ಹರಿದಿತ್ತು. "ಎಂಥಾ ಕೆಲಸ ಮಾಡಿದ್ಯಮ್ಮಾ" ಎಂದರು. "ಇದೊಂದೇ ಇದ್ದಿದ್ದು ಪ್ರಪಂಚದಾಗೆ."

"ಮಾವನೂ ಒಬ್ಬರೇ ಇರೋದು ರೀ" ಎಂದೆ.

ಸದ್ದು ಕೇಳಿ ಗಿರಿಜತ್ತೆ ಒಳಗಿನಿಂದ ಬಂದಳು. ಮಾವನ ಹೆಂಡತಿ, ಸಂಗೀತದ ಗಂಧವಿಲ್ಲದವಳೆಂದು ಈ ಮೂವರೂ ಸೇರಿ ತೀರ್ಮಾನಿಸಿದ್ದ ಹೆಂಗಸು. ಗಂಡನ ಮುಖ ನೋಡಿದಳು, ಜಮಖಾನೆ ನೋಡಿದಳು. "ಹಾಡು ಕೇಳಾಕೆ ಕೂತಿದ್ರೋ, ಇವರನ್ನ ಕಳಿಸಾಕೆ ಕೂತಿದ್ರೋ?" ಎಂದಳು. ಕೊಟ್ರಯ್ಯ ಚಪ್ಪಲಿ ಹುಡುಕಿದರು.

ಅಂದಿನಿಂದ ನನ್ನ ಸ್ಥಿತಿ ಹೇಳುತ್ತೇನೆ. ತರಗತಿಯಲ್ಲಿ ಯಾವ ವಿದ್ಯಾರ್ಥಿಯಾದರೂ ಪ್ರಶ್ನೆ ಕೇಳಲು ಕೈ ಎತ್ತಿದರೆ ನನ್ನ ಎದೆ ಹಾರುತ್ತದೆ. ಟೀವಿಯ ಕಛೇರಿಯಲ್ಲಿ ಮುಂದಿನ ಸಾಲಿನ ಹಿರಿಯರು ತಲೆದೂಗಿದರೆ ಕುರ್ಚಿಯಿಂದ ಅರ್ಧ ಏಳುತ್ತೇನೆ. ಅಕ್ಕಿ ತೊಳೆಯುವಾಗ ಮಾವನ ಆ ಕೈ ಕಣ್ಣೆದುರು ಮೇಲೇಳುತ್ತದೆ, ತೊಡೆ ತಟ್ಟುತ್ತದೆ, ಕೊಟ್ರಯ್ಯ "ಭಲೆ" ಎನ್ನುತ್ತಾರೆ. ಮತ್ತೆ ಮೊದಲಿನಿಂದ. ನಾನು ಆ ದಿನ ಕಣ್ಣು ತೆರೆಯದಿದ್ದರೆ, ಅಲ್ಲಿಂದ ಮುಂದಕ್ಕೆ ಯೋಚಿಸಲಾರದೆ ಅಕ್ಕಿಯನ್ನು ಇನ್ನೊಮ್ಮೆ ತೊಳೆಯುತ್ತೇನೆ. ತೋಡಿ ಕೇಳಲು ಆಗುತ್ತಿಲ್ಲ. ಅಷ್ಟು ದೊಡ್ಡ ರಾಗ, ಅಷ್ಟು ದೊಡ್ಡವರು ಕಟ್ಟಿದ ಕೃತಿ, ನನ್ನ ಪಾಲಿಗೆ ಅದೊಂದು ಗಂಟಲಾಗಿ ಉಳಿದಿದೆ.

ಊರಿನಲ್ಲಿ ಮಾತ್ರ ಬೇರೆಯೇ ಕಥೆ. ವಿರೂಪಾಕ್ಷಪ್ಪನ ಸೋದರಸೊಸೆಗೆ ತಲೆ ಕೆಟ್ಟು ಮಾವನನ್ನು ಹೊಡೆದು ಅಪರೂಪದ ಟೇಪ್ ಹಾಳು ಮಾಡಿದಳಂತೆ. ಬಜಾರಿನಲ್ಲಿ ಕೊಟ್ರಯ್ಯ ಎದುರಾದರು. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದರು, ಅದು ನನಗೂ ಗೊತ್ತು.

"ಆಗಿದ್ದಾತು ಬಿಡಮ್ಮಾ. ಒಂದು ವ್ಯಾಳೆ ಹೋಗಿದ್ರೂ ಎಂಥಾ ಪುಣ್ಯದ ಸಾವು! ತೋಡಿ ಕೇಳ್ತಾ ಕೇಳ್ತಾ, ಕಣ್ಣಾಗೆ ಆನಂದಬಾಷ್ಪ..."

"ಶೇಂಗಾ ಸಿಕ್ಕಿದ್ದಕ್ಕೆ ಬಂದ ನೀರು ರೀ ಅದು!" ಎಂದು ಕೂಗಿಬಿಟ್ಟೆ. ಹಮಾಲರು ಮೂಟೆ ಹೊತ್ತುಕೊಂಡೇ ನಿಂತು ನೋಡಿದರು. "ಅಷ್ಟು ಪುಣ್ಯ ಬೇಕಾದ್ರೆ ಬರೋ ಭಾನುವಾರ ನೀವು ಒಂದು ಮುಷ್ಟಿ ಶೇಂಗಾ ಬಾಯಾಗೆ ಹಾಕ್ಕಂಡು ಕೂಡ್ರಿ. ನಾನು ಏಳಲ್ಲ, ಚರಣ ಮುಗಿಯೋ ತನಕ."

ಕೊಟ್ರಯ್ಯ ಆಮೇಲೆ ನನ್ನನ್ನು ಕಂಡರೆ ಬೀದಿ ದಾಟುತ್ತಾರೆ.

ಎಲ್ಲರಿಗಿಂತ ಹೆಚ್ಚು ಸಿಟ್ಟು ಬರಿಸಿದವರು ಮಾವ. ಕೆಲವು ವಾರ ಕಳೆದ ಮೇಲೆ ಕರೆದು ಹೇಳಿದರು. "ಮೇಷ್ಟ್ರು ಟೇಪ್ ಅಂಟ್ಸಿದಾರಂತೆ. ಹರಿಹರಕ್ಕೆ ಹೋಗಿ ಕೇಳ್ಕಂಡು ಬರಾನ. ನೀನೂ ಬಾ. ಬಂದು ತಪ್ಪಾತು ಅನ್ನು."

"ಅನ್ನಲ್ಲ."

"ನನಗೋಸ್ಕರ ಅನ್ನು."

"ನಿಮಗೋಸ್ಕರ ಮಾಡಿದ್ದಕ್ಕೇ ತಪ್ಪಾತು ಅನ್ನಬೇಕಾ?"

"ಅವತ್ತು ಸಾಯ್ತಿದ್ದೆ ಅಂತ ನನಗೂ ಗೊತ್ತೈತೆ ಕಣೇ. ಆದ್ರೆ ಚರಣ ಕೇಳ್ದೇ ಸಾಯ್ತಿದ್ದೆ. ಅದಕ್ಕೆ ಈಗ ಹೊಂಟಿರೋದು. ಇನ್ನೊಮ್ಮೆ ಏನಾದ್ರೂ ಸಿಕ್ಕೊಂಡ್ರೆ?"

ಹೋಗುವುದಿಲ್ಲವೆಂದೆ. ಆದರೆ ಅವರನ್ನು ಆ ಮೇಷ್ಟ್ರ ಕೈಗೆ ಒಂಟಿಯಾಗಿ ಒಪ್ಪಿಸುವುದುಂಟೆ? ಬಸ್ಸು ಹತ್ತಿದೆ.

ಹರಿಹರದ ದೇವಸ್ಥಾನದ ಹಿಂದಿನ ಓಣಿಯಲ್ಲಿ ಮೇಷ್ಟ್ರ ಮನೆ. ಕೂಡ್ರಿ ಎಂದರು. ತಿನ್ನಲು ಏನೂ ಕೊಡಲಿಲ್ಲ, ನೀರಿನ ಚೊಂಬನ್ನೂ ಮಾವನಿಂದ ಅಷ್ಟು ದೂರ ಇಟ್ಟರು. ನಾನು ತಪ್ಪಾಯಿತು ಎನ್ನಲಿಲ್ಲ, ಅವರೂ ಎನ್ನಲಿಲ್ಲ. ಕಿಟಕಿ ಮುಚ್ಚಿ ಸ್ವಿಚ್ಚಿಗೆ ಕೈ ಹಾಕಿದರು.

"ದೀಪ ಇರ್ಲಿ ರೀ" ಎಂದೆ.

"ದೀಪ ಇದ್ರೆ ರಸ ಹೋಗ್ತೈತಮ್ಮಾ."

"ಹೋಗ್ಲಿ. ಮಾವ ಇರ್ಲಿ."

ಮೇಷ್ಟ್ರು ನನ್ನನ್ನು ನೋಡಿದರು. ದೀಪ ಉಳಿಯಿತು. "ಫೋನಿನಾಗೆ ಹಿಡ್ಕೊಳ್ಲಾ?" ಎಂದು ಕೇಳಿದೆ. ಕೇಳಿ ನೋಡಬೇಕೆಂದೇ ಕೇಳಿದ್ದು. "ಬ್ಯಾಡ" ಎಂದರು. ಒಮ್ಮೆ ಹರಿದದ್ದನ್ನು ಅಂಟಿಸಿ ಕೂತ ಮನುಷ್ಯ, ಇನ್ನೊಮ್ಮೆ ಹರಿದರೆ ಗತಿಯೇನೆಂಬ ಚಿಂತೆ ಬೇಡವೇ!

ಹಾಡು ಶುರುವಾಯಿತು. ಅಂಟಿಸಿದ ಕಡೆ ಅನುಪಲ್ಲವಿ ಒಂದು ಕ್ಷಣ ಎಡವಿ, ಒಂದು ಮಾತು ನುಂಗಿಕೊಂಡು ಮುಂದೆ ಹೋಯಿತು. ಮಾವನ ಕೈ ಮೇಲೆದ್ದಿತು. ತಲೆ ಅಲ್ಲಾಡಿತು. ಕಣ್ಣಲ್ಲಿ ನೀರು ಬಂತು. ನಾನು ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಕುವಷ್ಟು ಹತ್ತಿರ ಕೂತು ಅವರ ಅಂಗಿಯ ಎರಡನೇ ಗುಂಡಿ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದೆ. ಏರಿತು, ಇಳಿಯಿತು. ಒಂದು ಚರಣ, ಇನ್ನೊಂದು, ಮತ್ತೊಂದು. ಕೃತಿ ಕಟ್ಟಿದ ಪುಣ್ಯಾತ್ಮರ ಅಂಕಿತವೂ ಬಂದುಹೋಗಿರಬೇಕು. ಗುಂಡಿ ಏರಿತು, ಇಳಿಯಿತು.

ಟೇಪ್ ನಿಂತಿತು. ಮಾವ ಕಣ್ಣೊರೆಸಿಕೊಂಡು ಕೇಳಿದರು. "ಎರಡನೇ ಚರಣದಾಗೆ ಆ ಮಾತನ್ನ ಎಲ್ಲಿ ತಂದು ಕೂರ್ಸಿದಾನೆ, ನೋಡಿದ್ಯಾ?"

"ಇಲ್ಲ ಮಾವ. ನಾನು ಕೇಳ್ಲಿಲ್ಲ."

"ಕೇಳ್ಲಿಲ್ಲ ಅಂದ್ರೆ?"

"ನಿಮ್ಮನ್ನ ನೋಡ್ತಿದ್ದೆ."

ಅಷ್ಟೇ ನೋಡಿ. ಅಲ್ಲಿಂದ ಶುರುವಾದ ಬೈಗುಳ ಓಣಿಯುದ್ದಕ್ಕೂ ನಡೆಯಿತು, ಹರಿಹರದ ಬಸ್‌ಸ್ಟ್ಯಾಂಡಿಗೆ ಬಂತು, ಟಿಕೆಟ್ ತಗೊಂಡು ನಮ್ಮೊಂದಿಗೆ ದಾವಣಗೆರೆ ಬಸ್ಸು ಹತ್ತಿತು. "ಜೀವಮಾನ ಕಾದ ಚರಣ ಎದುರಿಗೆ ಬಂದಾಗ ಮುದುಕನ ಎದೆ ನೋಡ್ಕಂತ ಕೂತಿದ್ದಳಂತೆ! ಏನು ಬೆಳೆಸಿದ್ನೋ ನಿನ್ನ! ಕತ್ತೆಗೆ ಕೇಳಿಸಿದ್ರೆ ಕಿವಿನಾದ್ರೂ ಅಲ್ಲಾಡಿಸ್ತಿತ್ತು! ಮೇಷ್ಟ್ರ ಮುಂದೆ ನನ್ನ ಮಾನ ಕಳೆದ್ಯಲ್ಲೇ!" ನಾನೂ ಬಿಡಲಿಲ್ಲ. ನಿಮ್ಮ ಮೇಷ್ಟ್ರ ಮಾನ ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಇಡಲಿ ಎಂದೆ. ಅದಕ್ಕೂ ಬೈದರು. ಮುಖ ಕೆಂಪಾಗಿತ್ತು, ಕೊರಳ ನರ ಉಬ್ಬಿತ್ತು, ಮಾತಿನ ಹಿಂದೆ ಮಾತು ಬರುತ್ತಲೇ ಇತ್ತು, ಎರಡು ಬೈಗುಳಗಳ ನಡುವೆ ಉಸಿರು ಎಳೆದುಕೊಳ್ಳುವುದೂ ಸ್ಪಷ್ಟವಾಗಿ ಕೇಳುತ್ತಿತ್ತು.

ಮುಂದಿನ ಸೀಟಿನ ಹೆಂಗಸೊಬ್ಬಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಹಿಂದೆ ತಿರುಗಿ ನನಗೆ ಹೇಳಿದಳು. "ವಯಸ್ಸಾದೋರು ಕಣಮ್ಮಾ. ಹಿಂಗೆಲ್ಲಾ ಕೂಗಬಾರ್ದು. ಒಂದೀಟು ಸುಮ್ನಿರು ಅಂತ ಹೇಳಬಾರ್ದಾ ನಿಮ್ಮಪ್ಪಗೆ?"

"ಬ್ಯಾಡ್ರಿ ಅಕ್ಕಾ" ಎಂದೆ. "ಸುಮ್ನಿರಾದು ಬ್ಯಾಡ. ಬೈಲಿ ಬಿಡ್ರಿ."